ಮೇಜಿನ ಒಳಮರ

“ಗುರುಗಳೇ, ಕೇಳಿದ್ದಕ್ಕೆ ಕೂಡಲೇ ಉತ್ತರ ಹೇಳಲಾಗದಿದ್ದರೆ ನನ್ನ ಮಾತಿಗೆ ಬೆಲೆ ಉಳಿಯುತ್ತದೆಯೇ?”

ಹೀಗೆ ಕೇಳಿದವನು ನಿರಂಜನನೆಂಬ ಶಿಷ್ಯ. ಹನ್ನೆರಡು ವರ್ಷ ಗುರುಗಳ ಬಳಿಯೇ ಇದ್ದು ಓದಿದ್ದ. ಬರುವ ಸೋಮವಾರ ಹೊಳೆಯಾಚೆಯ ಶಾಖಾಮಠದ ಹೊಣೆ ಹೊರಬೇಕಿತ್ತು. ಅಲ್ಲಿಗೆ ಜನ ಬರುತ್ತಾರೆ. ಮನೆಯ ಜಗಳ, ಮಕ್ಕಳ ಮದುವೆ, ಹೊಲದ ಗಡಿ, ಎಲ್ಲವನ್ನೂ ತಂದು ಮುಂದಿಡುತ್ತಾರೆ. ತಿಳಿಯದ್ದು ಎದುರಾದರೆ ಏನು ಗತಿ ಎಂಬ ಅಳುಕು ಕೆಲವು ದಿನಗಳಿಂದ ಅವನನ್ನು ಹಿಡಿದಿತ್ತು. ಊಟ ಸೇರುತ್ತಿರಲಿಲ್ಲ.

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. “ಕೂತುಕೋ” ಎಂದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮರಪರೀಕ್ಷಕನಿದ್ದ. ಹೆಸರು ನಂಜುಂಡಾಚಾರಿ. ಆ ಊರಿನಲ್ಲಿ ಹಿಂದೆ ಅರಸರಿದ್ದರು, ಅಧಿಕಾರಿಗಳಿದ್ದರು. ಅವರ ಮನೆಗಳಲ್ಲಿ ಹಳೆಯ ಬೀರು, ಮೇಜು, ಮಂಚಗಳು ಬೇಕಾದಷ್ಟು ಉಳಿದಿದ್ದವು. ಇದು ಯಾವ ಮರ ಎಂಬ ಪ್ರಶ್ನೆ ಎದ್ದರೆ ಜನ ಆಚಾರಿಯನ್ನು ಕರೆಯುತ್ತಿದ್ದರು.

ಆ ಪ್ರಶ್ನೆ ಸುಲಭದ್ದಲ್ಲ. ಹಳೆಯ ಮೇಜುಗಳಲ್ಲಿ ಕಣ್ಣಿಗೆ ಕಾಣುವ ಮರ ಒಂದು, ಒಳಗಿರುವ ಮರ ಇನ್ನೊಂದು. ಬೀಟೆಯಂಥ ಮರವನ್ನು ತೆಳುವಾದ ಹಾಳೆಯಾಗಿ ಸೀಳಿ, ಸಾಧಾರಣ ಮರದ ಮೇಲೆ ಅಂಟಿಸುತ್ತಿದ್ದರು. ಹಾಳೆ ಅಂಟಿಸಿದ್ದೋ ಇಡೀ ಮರವೋ ಎಂದು ತಿಳಿಯಬೇಕಾದರೆ ಅಂಚನ್ನು ನೋಡಬೇಕು. ಮೇಲಿನ ಗೆರೆ ಅಂಚಿನಲ್ಲಿ ಮಡಚಿಕೊಂಡು ಕೆಳಗಿಳಿದರೆ ಇಡೀ ಮರ. ಅಲ್ಲಿಗೇ ತುಂಡಾದರೆ ಹಾಳೆ. ಒಳಗಿನ ಮರ ಯಾವುದೆಂದು ಹೇಳಲು ಒಂದು ಚೂರು ಕೆರೆದು, ಮೂಸಿ, ಭೂತಗನ್ನಡಿ ಹಿಡಿದು ಅದರ ರಂಧ್ರಗಳನ್ನು ನೋಡಬೇಕು. ತೇಗ, ಹೊನ್ನೆ, ಮತ್ತಿ, ಹಲಸು, ಒಂದೊಂದರ ರಂಧ್ರ ಒಂದೊಂದು ರೀತಿ.

ನಂಜುಂಡಾಚಾರಿಗೆ ಇದೆಲ್ಲ ಕರತಲಾಮಲಕ. ನಲವತ್ತು ವರ್ಷದಲ್ಲಿ ಅವನು ಹೇಳಿದ್ದು ಒಂದೂ ತಪ್ಪಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಲು ಅವನು ತಡಮಾಡುತ್ತಿರಲಿಲ್ಲ. ಕೆರೆದ, ನೋಡಿದ, ಹೇಳಿದ. ಅಷ್ಟು ಹೊತ್ತಿಗೆ ಕಾಫಿ ಇನ್ನೂ ಒಳಗಿಂದ ಬಂದಿರುತ್ತಿರಲಿಲ್ಲ. ಜನ ಅದನ್ನೇ ಹೊಗಳುತ್ತಿದ್ದರು. ಅವನಿಗೂ ಆ ಹೊಗಳಿಕೆ ರೂಢಿಯಾಗಿತ್ತು.

ಅದೇ ಊರಿನಲ್ಲಿ ಗವಿಯಪ್ಪನೆಂಬ ಬಡಗಿಯಿದ್ದ. ಹಳೆಯ ಸಾಮಾನು ರಿಪೇರಿ ಮಾಡುವುದು ಅವನ ಕಸುಬು. ತಮ್ಮ ಸಿದ್ಧಲಿಂಗ ಅವನ ಜೊತೆಗೇ ಕೆಲಸ ಮಾಡುತ್ತಿದ್ದ. ತಂದೆ ತೀರಿಕೊಂಡ ಮೇಲೆ ಗವಿಯಪ್ಪನೇ ತಮ್ಮನನ್ನು ಸಾಕಿ, ಉಳಿ ಹಿಡಿಯುವುದನ್ನು ಕಲಿಸಿದ್ದ. ಈಗ ತಮ್ಮನಿಗೆ ಮೂವತ್ತು ವರ್ಷ. ಅಣ್ಣನಿಗಿಂತ ಕೈ ಚೆನ್ನಾಗಿತ್ತು. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂಡಿ ತಿನ್ನುವುದನ್ನು ಬೀದಿಯವರು ನೋಡಿದ್ದರು.

ದೇವಾಜಮ್ಮಣ್ಣಿ ಎಂಬ ಹಿರಿಯ ಹೆಂಗಸು ತಮ್ಮ ಮನೆಯ ಬರೆಯುವ ಮೇಜನ್ನು ಇವರಿಗೆ ಕೊಟ್ಟರು. ಒಂದು ಕಾಲು ಅಲುಗಾಡುತ್ತಿತ್ತು. ಮೇಜು ಅವರ ಮಾವನ ತಂದೆಯ ಕಾಲದ್ದು. ಇಡೀ ಬೀಟೆಯದು ಎಂದು ಮನೆಯವರೆಲ್ಲ ನಂಬಿದ್ದರು. ನಲವತ್ತು ದಿನ ಅದು ಅಣ್ಣತಮ್ಮಂದಿರ ಶೆಡ್ಡಿನಲ್ಲಿತ್ತು. ಕಾಲು ಭದ್ರವಾಗಿ ವಾಪಸು ಬಂತು.

ಒಂದು ತಿಂಗಳಾದ ಮೇಲೆ ಮೇಜಿನ ಮೂಲೆಯಲ್ಲಿ ಮೇಲಿನ ಹಾಳೆ ಎದ್ದುಕೊಂಡಿತು. ಕೆಳಗೆ ಬೀಟೆಯ ಕಪ್ಪು ಇಲ್ಲ. ತೆಳು ಕಂದು ಬಣ್ಣದ ಯಾವುದೋ ಮರ. ದೇವಾಜಮ್ಮಣ್ಣಿಯವರ ಮೈದುನನ ಮಗ ಅದನ್ನು ನೋಡಿ, ಬೀಟೆಯ ಹಲಗೆ ಬಿಚ್ಚಿಕೊಂಡು ಕಾಡುಮರ ಹಾಕಿ ಮೇಲೆ ಹಾಳೆ ಅಂಟಿಸಿ ಕಳಿಸಿದ್ದಾರೆ ಎಂದು ಮನೆಯೆಲ್ಲ ಕೂಗಾಡಿದ. ಮಾತು ಬೀದಿಗೆ ಬಿತ್ತು.

ಗವಿಯಪ್ಪ ಬಂದು ಕೈ ಮುಗಿದ. “ನಾನು ಕಾಲು ಮಾತ್ರ ಕೂರಿಸಿದ್ದು, ಅಮ್ಮಾವರೇ. ಮೇಲಿನದನ್ನು ಮುಟ್ಟಿಲ್ಲ” ಎಂದ.

ದೇವಾಜಮ್ಮಣ್ಣಿಯವರು ಕೆಟ್ಟವರಲ್ಲ. “ಆಚಾರ್ರು ಬಂದು ನೋಡಲಿ. ಅವರು ಹೇಳಿದ್ದೇ ಕೊನೇ ಮಾತು” ಎಂದರು. ಗವಿಯಪ್ಪನೂ ಸಂತೋಷದಿಂದ ಒಪ್ಪಿದ. ಆಚಾರಿ ತಪ್ಪು ಹೇಳುವವನಲ್ಲ ಎಂದು ಅವನಿಗೆ ಗೊತ್ತಿತ್ತು.

ನಂಜುಂಡಾಚಾರಿ ಬಂದ. ಹಜಾರದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಮೂಲೆಯಲ್ಲಿ ಗವಿಯಪ್ಪ, ಅವನ ಹಿಂದೆ ಸಿದ್ಧಲಿಂಗ. ಹಾಳೆ ಅಂಟಿಸಿದ್ದು ಎನ್ನುವುದು ಆಚಾರಿಗೆ ಬಾಗಿಲಿನಿಂದಲೇ ಕಂಡಿತು. ಹಳೆಯ ಮೇಜುಗಳಲ್ಲಿ ಅದು ಹೊಸದೇನಲ್ಲ. ತಿಳಿಯಬೇಕಾದದ್ದು ಒಂದೇ. ಒಳಗಿನ ಮರ ಮೇಜಿನಷ್ಟೇ ಹಳೆಯದೋ, ಈಚೆಗೆ ಸೇರಿಸಿದ್ದೋ.

ಎದ್ದ ಮೂಲೆಯಲ್ಲಿ ಚಾಕು ಹಾಕಿ ಒಂದು ಚೂರು ಕೆರೆದ. ಮೂಸಿದ. ವಾಸನೆ ಹತ್ತಲಿಲ್ಲ. ಭೂತಗನ್ನಡಿ ಹಿಡಿದ. ಕೆರೆದ ಜಾಗದಲ್ಲಿ ಮೀನಿನ ಪೊರೆಯ ಹಾಗೆ ಮಿನುಗುವ ಸಣ್ಣ ಸಣ್ಣ ಮಚ್ಚೆಗಳು. ಅವನ ಮನಸ್ಸು ತೇಗಕ್ಕೆ ಹೋಯಿತು, ಅಲ್ಲ. ಹೊನ್ನೆ, ಅಲ್ಲ. ನಂದಿ, ಅಲ್ಲ. ಇಂಥ ಮರವನ್ನು ಅವನು ನೋಡಿರಲಿಲ್ಲ.

ಹಜಾರ ನಿಶ್ಶಬ್ದವಾಗಿತ್ತು. ಒಳಗಿಂದ ಕಾಫಿ ಬಂತು. ಲೋಟ ಅವನ ಪಕ್ಕದಲ್ಲಿ ಇಟ್ಟರು. ಕಾಫಿ ಆರುತ್ತಾ ಬಂತು. ಯಾರೋ ಕೆಮ್ಮಿದರು. ಮೈದುನನ ಮಗ, “ಆಚಾರ್ರಿಗೂ ಇಷ್ಟು ಹೊತ್ತು ಬೇಕಾಯ್ತಾ” ಎಂದು ಪಕ್ಕದವನಿಗೆ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು. ಆಚಾರಿಗೆ ಅಂಥ ಮಿನುಗುವ ಮಚ್ಚೆ ಇನ್ನೊಂದು ಮರದಲ್ಲಿ ಇರುವುದು ಆಗ ನೆನಪಾಯಿತು.

“ಸಿಲ್ವರ್ ಓಕ್” ಎಂದ.

“ಅದು ಹಳೇ ಮೇಜಿಗೆ ಹಾಕೋ ಮರವಾ?” ಎಂದು ದೇವಾಜಮ್ಮಣ್ಣಿಯವರು ಕೇಳಿದರು.

“ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸೋದು, ತಾಯಿ. ಪ್ಯಾಕಿಂಗ್ ಪೆಟ್ಟಿಗೆಗೆ ಬರುತ್ತೆ. ಈ ಮೇಜು ಮಾಡಿದ ಕಾಲದಲ್ಲಿ ಅದನ್ನ ಯಾರೂ ಮುಟ್ಟುತ್ತಿರಲಿಲ್ಲ.”

ಅಷ್ಟು ಸಾಕಾಯಿತು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಗವಿಯಪ್ಪ ಆಚಾರಿಯ ಮುಖವನ್ನೇ ನೋಡುತ್ತ ನಿಂತ. ಆಮೇಲೆ ನಿಧಾನವಾಗಿ ತಿರುಗಿ ತಮ್ಮನನ್ನು ನೋಡಿದ. ತಮ್ಮ ಆ ನೋಟವನ್ನು ಕಂಡ.

ಆಚಾರಿ ಮನೆಗೆ ನಡೆದು ಹೋಗುವಾಗ ಇಬ್ಬರು ಮೂವರು ಜೊತೆಯಲ್ಲಿ ಬಂದರು. ನೀವಿಲ್ಲದಿದ್ದರೆ ಆ ಕಳ್ಳತನ ಹೊರಗೇ ಬರುತ್ತಿರಲಿಲ್ಲ ಎಂದರು. ಆಚಾರಿ ತಲೆಯಾಡಿಸಿದ. ಮನೆಗೆ ಬಂದು ಚಾಕು ಒರೆಸುವಾಗ, ಕೆರೆದ ಚೂರು ಅದರ ಸಂದಿನಲ್ಲಿ ಸಿಕ್ಕಿಕೊಂಡಿದ್ದು ಕಂಡಿತು. ಬಿಸಾಡಬಹುದಿತ್ತು. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ರಂಧ್ರಗಳು ದೊಡ್ಡವು. ಇರುವೆ ಸಾಲಿನ ಹಾಗೆ ನೆಟ್ಟಗೆ ನಿಂತಿದ್ದವು. ಒಂದು ಸಾಲು, ಆಮೇಲೆ ಖಾಲಿ ಜಾಗ, ಮತ್ತೆ ಒಂದು ಸಾಲು.

ಸಿಲ್ವರ್ ಓಕಿನ ರಂಧ್ರ ಹೀಗಿರುತ್ತದೆಯೇ ಎಂಬ ಸಂಶಯ ಅವನಿಗೆ ಹುಟ್ಟಿತು.

ಮರುದಿನ ಬೆಳಿಗ್ಗೆ ಪ್ಯಾಕಿಂಗ್ ಪೆಟ್ಟಿಗೆ ಮಾಡುವವರ ಹತ್ತಿರ ಹೋದ. ಏನೋ ನೆಪ ಹೇಳಿ ಸಿಲ್ವರ್ ಓಕಿನ ಒಂದು ತುಂಡು ತಂದ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ. ಸಿಲ್ವರ್ ಓಕಿನ ರಂಧ್ರಗಳು ಸಣ್ಣವು, ಬಿಲ್ಲಿನ ಹಾಗೆ ಬಾಗಿದ ಸಾಲು. ಒಂದಕ್ಕೊಂದು ಸಂಬಂಧವಿಲ್ಲ. ಮಚ್ಚೆಯೊಂದು ಬಿಟ್ಟರೆ ಬೇರೆ ಏನೂ ಹೊಂದುತ್ತಿರಲಿಲ್ಲ. ಇದು ಅವನ ಬಳಿ ಕಲಿಯಲು ಬಂದ ಮೊದಲ ವಾರದವನಿಗೂ ಕಾಣುವಂಥದ್ದು.

ಆಗಲೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಹಾಗಾದರೆ ಯಾವ ಮರ ಎಂದು ಕೇಳಿದರೆ ಹೇಳಲು ಅವನ ಬಳಿ ಹೆಸರಿರಲಿಲ್ಲ. ಹೆಸರು ಸಿಕ್ಕಿದ ಮೇಲೆ ಹೋಗೋಣ ಎಂದುಕೊಂಡ. ತಪ್ಪನ್ನು ತಿದ್ದುವಾಗ ಸರಿಯಾದದ್ದನ್ನೂ ಕೈಯಲ್ಲಿ ಹಿಡಿದು ಹೋಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತು ನ್ಯಾಯವಾಗಿಯೇ ಕೇಳಿಸಿತು. ಚೂರನ್ನು ಬಟ್ಟೆಯಲ್ಲಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡ. ನಾಟಾ ಡಿಪೋಗೆ ಹೋಗಿ ಕಂಡ ದಿಮ್ಮಿಗಳನ್ನೆಲ್ಲ ಕೆರೆದು ನೋಡಿದ. ಯಾವುದೂ ಅದಲ್ಲ.

ಒಂದು ದಿನ ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದ. “ಒಂದು ಮರದ ಹೆಸರು ತಪ್ಪಿದರೆ ಅಂಥಾದ್ದೇನಾಗುತ್ತೆ?”

“ಯಾರಿಗೆ?” ಎಂದಳು ಅವಳು.

ಆಚಾರಿ ಅನ್ನ ಬಿಟ್ಟು ಎದ್ದ.

ದಿನ ಕಳೆಯಿತು. ಅಳುಕು ಕಡಿಮೆಯಾಗುವ ಬದಲು ಹೆಚ್ಚಾಯಿತು. ಯಾರೋ ಹಲಸಿನ ಮಣೆಯೊಂದನ್ನು ತಂದರು. ಹಳದಿ ಬಣ್ಣ, ಕಣ್ಣು ಮುಚ್ಚಿಕೊಂಡು ಹೇಳಬಹುದು. ಅವನು ಭೂತಗನ್ನಡಿ ಹಿಡಿದು ನಾಲ್ಕು ಸಲ ನೋಡಿದ. ನಾಳೆ ಬನ್ನಿ ಎಂದ. ತಂದವರು ಮುಖಮುಖ ನೋಡಿಕೊಂಡು ಹೋದರು. ಗವಿಯಪ್ಪನ ಶೆಡ್ಡು ಪೇಟೆಯ ದಾರಿಯಲ್ಲಿತ್ತು. ಆಚಾರಿ ಸುತ್ತು ಬಳಸಿ ಬೇರೆ ಬೀದಿಯಲ್ಲಿ ಹೋಗತೊಡಗಿದ. ಆದರೂ ಸುದ್ದಿ ಬಿಡಲಿಲ್ಲ. ಶೆಡ್ಡಿಗೆ ಬೀಗ ಬಿದ್ದಿದೆಯಂತೆ. ಕೊಟ್ಟಿದ್ದ ಸಾಮಾನನ್ನೆಲ್ಲ ಜನ ಅರ್ಧ ಕೆಲಸಕ್ಕೇ ವಾಪಸು ಹೊತ್ತುಕೊಂಡು ಹೋದರಂತೆ. ಹಳೆಯ ಸಾಮಾನು ರಿಪೇರಿ ಮಾಡುವವನ ಮೇಲೆ ನಂಬಿಕೆ ಹೋದ ಮೇಲೆ ಅವನ ಕೈಯಲ್ಲಿ ಉಳಿಯುವುದಾದರೂ ಏನು?

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗವಿಯಪ್ಪನೇ ಆಚಾರಿಯ ಮನೆಗೆ ಬಂದ. ಗಡ್ಡ ಬೆಳೆದಿತ್ತು. ಜಗಲಿಯ ಅಂಚಿನಲ್ಲಿ ಕುಳಿತ. ಜಗಳಕ್ಕೆ ಬಂದಿದ್ದಾನೆ ಎಂದು ಆಚಾರಿ ಅಂದುಕೊಂಡ. ಜಗಳಕ್ಕೆ ಬಂದಿದ್ದರೆ ವಾಸಿಯಿತ್ತು.

“ಆಚಾರ್ರೇ, ಒಂದು ಕೇಳಬೇಕಿತ್ತು” ಎಂದ ಗವಿಯಪ್ಪ. “ಆ ಹಾಳೆ ಎಷ್ಟು ದಿನದ ಹಿಂದೆ ಅಂಟಿಸಿದ್ದು ಅಂತ ಮರ ನೋಡಿ ಹೇಳೋಕಾಗುತ್ತಾ? ಮಧ್ಯದಲ್ಲಿ ಹತ್ತು ದಿನ ನಾನು ಹೆಂಡತಿ ಊರಿಗೆ ಹೋಗಿದ್ದೆ. ಸಿದ್ಧಲಿಂಗ ಒಬ್ಬನೇ ಇದ್ದ.”

ಆಚಾರಿ, “ನಿನ್ನ ತಮ್ಮ ಏನಂತಾನೆ?” ಎಂದು ಕೇಳಿದ.

“ನಾನು ಮಾಡಿಲ್ಲ ಅಂದ. ದೀಪ ಮುಟ್ಟಿ ಹೇಳ್ತೀನಿ ಅಂದ. ನಾನು ಬೇಡ ಅಂದೆ. ಆಚಾರ್ರು ನೋಡಿ ಹೇಳಿದ ಮೇಲೆ ದೀಪ ಯಾಕೆ ಅಂದೆ.” ಗವಿಯಪ್ಪ ಮುಂದುವರಿಸಿದ. “ಅವನು ಉಳಿ ಚೀಲ ಕೂಡ ತಗೊಳ್ಳಲಿಲ್ಲ. ಎದ್ದು ಹೋದ. ಹನ್ನೆರಡು ದಿನವಾಯ್ತು. ನಾನು ಮಾಡಿಲ್ಲ, ಅದು ನನಗೆ ಗೊತ್ತು. ನೀವು ತಪ್ಪು ಹೇಳೋರಲ್ಲ. ಉಳಿದವನು ಅವನೊಬ್ಬನೇ. ಖಚಿತವಾಗಿಬಿಟ್ಟರೆ ಅವನನ್ನ ಮರೆತುಬಿಡಬಹುದು. ಅದಕ್ಕೇ ಕೇಳೋಣ ಅಂತ ಬಂದೆ.”

ಆಚಾರಿಯ ಕೈ ಜೇಬಿನೊಳಗಿತ್ತು. ಬಟ್ಟೆಯ ಗಂಟು ಬೆರಳಿಗೆ ತಾಗಿತು. ಈಗಲೂ ಅವನ ಬಾಯಿಂದ ನಿಜ ಹೊರಡಲಿಲ್ಲ. “ಸಂಜೆ ಹೇಳ್ತೀನಿ, ಮನೇಲೇ ಇರು” ಎಂದ.

ಗವಿಯಪ್ಪ ಬೀದಿಯ ತಿರುವು ದಾಟುವುದನ್ನೇ ಕಾದು, ಆಚಾರಿ ಚಪ್ಪಲಿ ಮೆಟ್ಟಿಕೊಂಡು ದೇವಾಜಮ್ಮಣ್ಣಿಯವರ ಮನೆಗೆ ಹೋದ. ಮೇಜನ್ನು ಇನ್ನೊಮ್ಮೆ ನೋಡಬೇಕು ಎಂದ. ಒಂದು ಸಲ ನೋಡಿ ಆಯಿತಲ್ಲ ಎಂದರು ಅವರು. ಆದರೂ ತೋರಿಸಿದರು.

ಮೇಜಿಗೆ ಮೂರು ಡ್ರಾಯರ್ ಇದ್ದವು. ಮೊದಲ ಸಲ ಬಂದಾಗ ಅವನು ಅವನ್ನು ಎಳೆದು ನೋಡಿರಲಿಲ್ಲ. ಯಾವ ಹಳೆಯ ಮೇಜಾದರೂ ಮೊದಲು ಡ್ರಾಯರ್ ತೆಗೆದು ಒಳಗೆ ನೋಡಬೇಕು ಎಂದು ಎಷ್ಟೋ ಜನಕ್ಕೆ ಹೇಳಿಕೊಟ್ಟವನು ಅವನೇ. ಅಲ್ಲಿ ಹೊಳಪು ಬಳಿದಿರುವುದಿಲ್ಲ, ಹಾಳೆ ಅಂಟಿಸಿರುವುದಿಲ್ಲ, ಮರ ಇದ್ದ ಹಾಗೇ ಇರುತ್ತದೆ. ಅಂದು ಹತ್ತು ಜನರ ಕಣ್ಣು ಬೆನ್ನ ಮೇಲಿದ್ದಾಗ ಅದು ಮರೆತೇ ಹೋಗಿತ್ತು. ಈಗ ಒಂದನ್ನು ಎಳೆದ. ಪತ್ರಗಳನ್ನು ತೆಗೆದಿಟ್ಟು, ಮಗುಚಿ, ಹಲಗೆಯ ಅಂಚನ್ನು ಕೆರೆದ. ಮೀನಿನ ಪೊರೆಯ ಮಚ್ಚೆ. ಇರುವೆ ಸಾಲಿನ ರಂಧ್ರ. ಅದೇ ಮರ. ಮೊಳೆಗಳ ಸುತ್ತ ಮರ ಕಪ್ಪಾಗಿತ್ತು, ಅಳಲೆಕಾಯಿ ನೀರಿಗೆ ಕಬ್ಬಿಣ ಬಿದ್ದರೆ ಕಪ್ಪಾಗುವ ಹಾಗೆ. ಆ ಕಪ್ಪು ಒಂದೆರಡು ತಿಂಗಳಿನದಲ್ಲ, ಒಂದೆರಡು ತಲೆಮಾರಿನದು.

“ಮೇಜು ರಿಪೇರಿಗೆ ಹೋದಾಗ ಈ ಡ್ರಾಯರುಗಳೂ ಹೋಗಿದ್ದವಾ?” ಎಂದು ಕೇಳಿದ.

“ಇಲ್ಲ. ಪತ್ರಗಳಿದ್ದವಲ್ಲ, ಹೊರಗೆ ಕೊಡಲಿಲ್ಲ. ನನ್ನ ಕೋಣೇಲೇ ಇದ್ದವು.”

ಆಚಾರಿ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ, ಅವತ್ತು ಇದ್ದವರನ್ನೆಲ್ಲ ಕರೆಸಿ ಎಂದು ಕೇಳಿಕೊಂಡ. ಎಲ್ಲರನ್ನೂ ಕರೆಸಲಾಗಲಿಲ್ಲ. ಏಳು ಜನ ಬಂದರು. ಅವರ ಮುಂದೆ ಡ್ರಾಯರನ್ನು ಮಗುಚಿಟ್ಟು ತೋರಿಸಿದ. ಈ ಮೇಜು ಮೊದಲಿನಿಂದಲೂ ಹೀಗೇ ಇದೆ, ಒಳಗೆ ಈ ಮರ, ಮೇಲೆ ಬೀಟೆಯ ಹಾಳೆ, ಗವಿಯಪ್ಪನಾಗಲಿ ಸಿದ್ಧಲಿಂಗನಾಗಲಿ ಏನೂ ಮಾಡಿಲ್ಲ ಎಂದು ಹೇಳಿದ.

“ಹಾಗಾದರೆ ಇದು ಯಾವ ಮರ?” ಎಂದು ಮೈದುನನ ಮಗ ಕೇಳಿದ.

“ಗೊತ್ತಿಲ್ಲ.”

“ಅವತ್ತು ಗೊತ್ತಿತ್ತಲ್ಲ?”

“ಅವತ್ತೂ ಗೊತ್ತಿರಲಿಲ್ಲ” ಎಂದ ಆಚಾರಿ.

ಅವನು ಹೆದರಿದ್ದ ಮೌನ ಅದೇ. ನಲವತ್ತು ವರ್ಷ ಅದನ್ನು ತಪ್ಪಿಸಿಕೊಂಡು ಬಂದಿದ್ದ. ಈಗ ಅದರ ನಡುವೆ ಕುಳಿತಿದ್ದ. ದೇವಾಜಮ್ಮಣ್ಣಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಪರದೇಶದಿಂದ ಹಡಗಿನಲ್ಲಿ ಬಂದ ಮೇಜು ಅಂತ ನಮ್ಮ ಮಾವನವರು ಹೇಳ್ತಿದ್ದರು. ನೀವು ಕೇಳಲಿಲ್ಲ. ನೀವು ಹೇಳಿದ ಮೇಲೆ ನಾನು ಬಾಯಿ ಬಿಡೋದೇನು ಅಂತ ಸುಮ್ಮನಾದೆ” ಎಂದರು.

ಸಂಜೆಯವರೆಗೂ ಕಾಯದೆ ಆಚಾರಿ ಗವಿಯಪ್ಪನ ಮನೆಗೆ ಹೋದ. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಚೂರನ್ನು ಮೊದಲ ದಿನವೇ ಭೂತಗನ್ನಡಿಯಲ್ಲಿ ನೋಡಿದ್ದನ್ನೂ, ಮರುದಿನವೇ ತಪ್ಪೆಂದು ತಿಳಿದದ್ದನ್ನೂ, ಹೆಸರು ಸಿಗಲಿ ಎಂದು ಕಾದದ್ದನ್ನೂ ಮುಚ್ಚಿಡಲಿಲ್ಲ.

ಗವಿಯಪ್ಪ ಗೋಡೆಗೆ ನೇತುಹಾಕಿದ್ದ ತಮ್ಮನ ಉಳಿ ಚೀಲವನ್ನು ಇಳಿಸಿ, ಧೂಳು ಒರೆಸಿದ.

“ಮರುದಿನವೇ ಬಂದಿದ್ದರೆ ಅವನು ಇಲ್ಲೇ ಇದ್ದ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಹೇಳಿದಿರಿ, ನಾನು ನಂಬಿದೆ. ಆದರೆ ಅವನು ಹೇಳಿದ್ದನ್ನ ನಂಬಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಕರೀಲಿ?”

“ನಾನು ಜೊತೆಗೆ ಬರ್ತೀನಿ” ಎಂದ ಆಚಾರಿ.

ಇಬ್ಬರೂ ಹೊರಟರು. ಘಟ್ಟದ ತಪ್ಪಲಿನ ಮರಕೊಯ್ಯುವ ಮಿಲ್ಲೊಂದರಲ್ಲಿ ಸಿದ್ಧಲಿಂಗ ಕೆಲಸಕ್ಕೆ ಸೇರಿದ್ದಾನೆ ಎಂದು ಯಾರೋ ಹೇಳಿದ್ದರು. ಎರಡು ಬಸ್ಸು ಬದಲಿಸಿ ಹೋದರು. ದಾರಿಯುದ್ದಕ್ಕೂ ಉಳಿ ಚೀಲ ಗವಿಯಪ್ಪನ ತೊಡೆಯ ಮೇಲಿತ್ತು. ಮಿಲ್ಲಿನವರು, ಅಂಥವನೊಬ್ಬ ಬಂದಿದ್ದ, ಕೈ ಒಳ್ಳೆಯದಿತ್ತು, ಯಾರ ಜೊತೆಗೂ ಸೇರುತ್ತಿರಲಿಲ್ಲ, ನಾಲ್ಕು ದಿನದ ಹಿಂದೆ ಹೇಳದೆ ಕೇಳದೆ ಹೋದ ಎಂದರು. ಎಲ್ಲಿಗೆ ಎನ್ನುವುದು ಅವರಿಗೂ ತಿಳಿಯದು. ಮಿಲ್ಲಿನ ಮುಂದೆ ರಸ್ತೆ ಎರಡಾಗಿ ಒಡೆಯುತ್ತಿತ್ತು. ಒಂದು ಕಡೆ ಗವಿಯಪ್ಪ ಹೋದ, ಇನ್ನೊಂದು ಕಡೆ ಆಚಾರಿ ಹೋದ. ದಾರಿಯಲ್ಲಿ ಸಿಕ್ಕ ಪ್ರತಿ ಬಡಗಿ ಶೆಡ್ಡಿನ ಮುಂದೆಯೂ ಆಚಾರಿ ನಿಂತು ಕೇಳುತ್ತಿದ್ದ. ಅಲ್ಲಿಯವರು ಅವನ ಕೀರ್ತಿ ಕೇಳಿದವರಲ್ಲ. ಯಾರು ನೀವು, ಅವನಿಗೆ ಏನಾಗಬೇಕು ಎಂದು ಅವರು ಕೇಳಿದರೆ, ಅವನ ಮೇಲೆ ಸುಳ್ಳು ಹೇಳಿದವನು ನಾನು ಎನ್ನುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮುಂದೆ ಏನಾದರೂ ಹೇಳುತ್ತಾರೆಂದು ನಿರಂಜನ ಸ್ವಲ್ಪ ಹೊತ್ತು ಕಾದ. ಗುರುಗಳೂ ಕಾಯುತ್ತಿರುವಂತೆ ಕಂಡಿತು.

“ಗುರುಗಳೇ,” ಎಂದು ಕೊನೆಗೆ ಅವನು ಕೇಳಿದ, “ಆ ಮೇಜಿನ ಒಳಗಿದ್ದದ್ದು ನಿಜವಾಗಿ ಯಾವ ಮರ?”

ಗುರುಗಳು ಅವನ ಮುಖವನ್ನು ನೋಡಿದರು.

“ನೀನು ಮರದ ಹೆಸರು ಕೇಳಿದೆ, ಗವಿಯಪ್ಪನ ತಮ್ಮ ಸಿಕ್ಕಿದನೇ ಎಂದು ಕೇಳಲಿಲ್ಲ” ಎಂದರು.